ಹಲಗೆ ಗಾಡಿಯ ಬೆನ್ನು

ಜನರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ, ಬಿಡಿ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಯಾವ ರೈಲನ್ನು ಕಂಡು ಥೂ ಎಂದು ಉಗಿದಿದ್ದರೋ, ಅದೇ ರೈಲನ್ನು ನಿಲ್ಲಿಸುತ್ತಾರಂತೆ ಎಂದು ಗೊತ್ತಾದದ್ದೇ ತಡ, ಊರಿಗೆ ಊರೇ ಮೂಗೊರೆಸಿಕೊಳ್ಳಲು ಶುರುಮಾಡಿತು. ಪತ್ರಿಕೆಯವರು ಮುಖಪುಟದಲ್ಲಿ ಅದರ ಫೋಟೋ ಹಾಕಿ, ‘ಹೋಗಿ ಬಾ, ನಮ್ಮ ಹಲಗೆ ಗಾಡಿ’ ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿದರು. ಸೀಟು ಹಲಗೆಯ ಹಾಗೆ ಗಟ್ಟಿ ಎಂದು ಹಲಗೆ ಗಾಡಿ ಎಂಬ ಹೆಸರನ್ನು ಬೈಗುಳವಾಗಿ ಮೊದಲು ಅಚ್ಚುಹಾಕಿದ್ದೂ ಇದೇ ಪತ್ರಿಕೆ. ಆಗ ‘ನಮ್ಮ’ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಪತ್ರಿಕೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಬ್ಬಳೇ ಕೂತಿದ್ದವಳು ಹಲಗಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ರೈಲಿನ ಸೀಟುಗಳ ವಿನ್ಯಾಸ ಅವಳದೇ ಎಂದು ಹೊರಗೆ ಗೊತ್ತಾದ ವಾರವೇ ಯಾರೋ ಪುಣ್ಯಾತ್ಮರು ಈ ಹೆಸರಿಟ್ಟರು, ಅದು ಅಂಟಿಕೊಂಡಿತು. ಕೊನೆಕೊನೆಗೆ ಗಂಡನೂ ತಮಾಷೆಗೆ ಹಾಗೇ ಕರೆಯುತ್ತಿದ್ದ. ಅವನು ಕರೆದರೆ ಬೇಜಾರಾಗುತ್ತಿರಲಿಲ್ಲ.

ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಮನೆಯಲ್ಲಿ ಮಾತಿಗೆ ಸಿಗುವುದೆಂದರೆ ಫೋನಿನಲ್ಲಿ ತಂಗಿಯ ಮಗಳು, ಅದೂ ಅವಳಿಗೆ ಬಿಡುವಾದಾಗ. ಉಳಿದಂತೆ ಎದುರಿನ ಖಾಲಿ ಕುರ್ಚಿ. ಹಲಗಮ್ಮ ಪತ್ರಿಕೆ ಮಡಿಸಿ ಆ ಕುರ್ಚಿಯ ಕಡೆ ನೋಡಿ, “ಕೇಳಿದ್ರಾ? ಬರೋ ಭಾನುವಾರವೇ ಕೊನೆಯಂತೆ. ಈಗ ನಾನು ಎಲ್ಲಿಗೆ ಹೋಗ್ಲಿ ರೀ?” ಎಂದಳು. ಚಹಾ ಆರಿ ಹೋಗಿತ್ತು.

ಎಲ್ಲಿಗೆ ಹೋಗಲಿ ಎಂದು ಅವಳು ಕೇಳಿದ್ದಕ್ಕೆ ಕಾರಣವಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಾರು ಎಂಬ ಅಂಜಿಕೆ. ಪ್ರತಿ ಭಾನುವಾರ ಅವಳು ಹಲಗೆ ಗಾಡಿ ಹತ್ತಿ, ಕಿಟಕಿಯ ಪಕ್ಕ ಕೂತು, ಸೀಟಿಗೆ ಬೆನ್ನು ಒರಗಿಸಿ ಕಣ್ಣು ಮುಚ್ಚುತ್ತಿದ್ದಳು. ಕೊನೆಯ ನಿಲ್ದಾಣದಲ್ಲಿ ಇಳಿದು, ಅದೇ ಗಾಡಿಯಲ್ಲಿ ವಾಪಸು ಬರುತ್ತಿದ್ದಳು. ಏಕೆಂದರೆ ಆ ಸೀಟಿನ ಬೆನ್ನು ಅವಳ ಗಂಡನದು.

ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಅವನದು. ಅವಳು ಕೆಲಸ ಮಾಡುತ್ತಿದ್ದ ಸೀಟು ವರ್ಕ್‌ಶಾಪಿನಲ್ಲಿ ಒಂದು ರೂಢಿ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲ ದಿನವೇ ಹಸಿ ಪ್ಲಾಸ್ಟರ್ ತುಂಬಿದ ಪೆಟ್ಟಿಗೆಯಲ್ಲಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಲುಗಾಡದಂತೆ ಕೂರಿಸುತ್ತಿದ್ದರು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಅವರ ಬೆನ್ನಿನ ಅಚ್ಚು ಸಿಗುತ್ತಿತ್ತು. ಅದನ್ನು ಗೋಡೆಗೆ ನೇತುಹಾಕುತ್ತಿದ್ದರು. ಬಾಸ್‌ನ ಬೆನ್ನಿನಿಂದ ಹಿಡಿದು ಕಸ ಗುಡಿಸುವವಳ ಬೆನ್ನಿನವರೆಗೆ ಎಲ್ಲವೂ ಆ ಗೋಡೆಯ ಮೇಲೆ ಸಾಲಾಗಿದ್ದವು, ಹೆಸರಿಲ್ಲದೆ. ಊಟದ ಹೊತ್ತಿನಲ್ಲಿ ಇದು ಯಾರದು ಹೇಳು ನೋಡೋಣ ಎಂದು ಒಬ್ಬರನ್ನೊಬ್ಬರು ಕಾಡಿಸುತ್ತಿದ್ದರು. ಒಳ್ಳೆ ಆಟ. ಎಲ್ಲರೂ ಎಲ್ಲರ ಬೆನ್ನನ್ನೂ ಗುರುತಿಸುತ್ತಿದ್ದರು, ಸೋಲುತ್ತಿದ್ದದ್ದು ಅವರವರ ಬೆನ್ನು ಬಂದಾಗ ಮಾತ್ರ. ತನ್ನ ಬೆನ್ನನ್ನು ತಾನು ಯಾವಾಗ ನೋಡಿಕೊಂಡಾರು ಪಾಪ.

ಹೊಸ ರೈಲಿನ ಸೀಟು ಮಾಡುವ ಕೆಲಸ ಬಂದಾಗ, ಮೇಲಿನವರು ಸಾವಿರಾರು ಜನರನ್ನು ಅಳೆದು ತೆಗೆದ ಸರಾಸರಿ ಲೆಕ್ಕ ತಂದುಕೊಟ್ಟರು. ಅವಳಿಗೆ ಆಗ ಹುರುಪಿನ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. “ಈ ಸರಾಸರಿ ಮನುಷ್ಯ ಯಾವ ಬೀದೀಲಿ ಇರ್ತಾನೆ, ತೋರಿಸಿ ನೋಡೋಣ. ಇಲ್ಲದವನಿಗೆ ಸೀಟು ಮಾಡಿದ್ರೆ ಯಾರಿಗೂ ಸರಿಹೋಗಲ್ಲ. ಇರೋ ಒಬ್ಬನಿಗೆ ಸರಿಯಾಗಿ ಮಾಡಿದ್ರೆ ಅವನಂಥವರಿಗೆಲ್ಲ ಸರಿಹೋಗತ್ತೆ,” ಎಂದು ಹಟ ಹಿಡಿದಳು. ಇರೋ ಒಬ್ಬ ಎಂದರೆ ಇನ್ಯಾರು? ಅವಳ ಗಂಡ ಛಾಪಖಾನೆಯಲ್ಲಿ ಪ್ರೂಫ್ ನೋಡುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುವ ಕೆಲಸ. ಕೂರುವುದರ ಕಷ್ಟ ಅವನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ ಎಂದು ಅವಳ ನಂಬಿಕೆ. ಅಡಿಕೋಲಿನ ಹಾಗೆ ಉದ್ದ ಆಸಾಮಿ. ಕರೆದುಕೊಂಡು ಹೋಗಿ ಪ್ಲಾಸ್ಟರಿನಲ್ಲಿ ಕೂರಿಸಿದಳು. ಅವನು ಉಸಿರು ಬಿಗಿಹಿಡಿದು ಕೂತು, “ಇದೇನೇ, ನನ್ನನ್ನ ಜೀವಂತ ಸಮಾಧಿ ಮಾಡ್ತಿದ್ದೀಯಾ?” ಎಂದ. ವರ್ಕ್‌ಶಾಪಿಗೆ ವರ್ಕ್‌ಶಾಪೇ ನಕ್ಕಿತು.

ಆ ಅಚ್ಚಿನಿಂದ ಸೀಟು ಎರಕ ಹೊಯ್ಯುವ ವಾರ ಅವಳಿಗೆ ಕೆಟ್ಟ ಜ್ವರ ಬಂದು ಮೇಲೇಳಲಾಗಲಿಲ್ಲ. ಎದ್ದು ಹೋಗುವಷ್ಟರಲ್ಲಿ ಮೊದಲ ಸಾಲಿನ ಸೀಟುಗಳು ಸಿದ್ಧವಾಗಿ, ಬಟ್ಟೆ ಹೊದ್ದು ಕೂತಿದ್ದವು. ಅವಳು ಒಂದರಲ್ಲಿ ಕೂತು ನೋಡಿದಳು. ಸೊಂಟಕ್ಕೆ ಎಷ್ಟು ಬೇಕೋ ಅಷ್ಟೇ ಆಸರೆ, ಕತ್ತಿನ ಹಿಂದಿನ ಉಬ್ಬು ಕತ್ತಿಗೇ ಬಂದು ಕೂತಿತ್ತು. ಅವಳಿಗೆ ಮೈ ಝುಮ್ಮೆಂದಿತು. ನನ್ನ ಗಂಡನ ಬೆನ್ನು ನನಗೆ ಹೇಗೆ ಹೊಂದಿಕೊಂಡಿದೆ ನೋಡು, ಗಂಡ ಹೆಂಡತಿ ಎಂದರೆ ಹೀಗಿರಬೇಕು ಎಂದುಕೊಂಡಳು. ಅಂಥ ಜಾಣೆಗೆ ಅದರಾಚೆ ಯೋಚನೆ ಹೋಗಲಿಲ್ಲ. ಪ್ರೀತಿಯಲ್ಲಿ ಇರುವವರಿಗೆ ಏನು ಹೇಳುವುದು.

ರೈಲು ಓಡಿತು. ಶುರುವಾಯಿತು ನೋಡಿ ಮಂಗಳಾರತಿ. ಇದು ಸೀಟೋ ಶಿಕ್ಷೆಯೋ ಎಂದು ಒಬ್ಬ ಬರೆದ. ಉಬ್ಬು ಭುಜದ ನಡುವೆ ಗುದ್ದುತ್ತದೆ, ಸ್ವಲ್ಪ ಎತ್ತರ ಇರುವವರು ಮುಂದಕ್ಕೆ ಬಾಗಿ ಕೂರಬೇಕು ಎಂದು ಇನ್ನೊಬ್ಬ. ಎದುರುಬದುರು ಸೀಟಿಲ್ಲ, ಮಾತಾಡುವುದು ಯಾರ ಜೊತೆ, ಮುಂದಿನವನ ಬುರುಡೆಯ ಜೊತೆಯೇ ಎಂದು ಮತ್ತೊಬ್ಬ. ಹಳೆಯ ರೈಲಿನ ಮೆತ್ತನೆ ಸೀಟನ್ನು ನೆನೆದು ನೆನೆದು ಅತ್ತರು. ಆ ಹಳೆಯ ರೈಲು ಇದ್ದಾಗ ಅದರ ಸ್ಪ್ರಿಂಗು ಚುಚ್ಚುತ್ತದೆ, ತಿಗಣೆ ಇದೆ ಎಂದು ಇವರೇ ಬೊಬ್ಬೆ ಹೊಡೆದಿದ್ದು ಒಬ್ಬರಿಗೂ ನೆನಪಾಗಲಿಲ್ಲ.

ಹಲಗಮ್ಮ ಆಗ ಎಷ್ಟು ಅತ್ತಿದ್ದಳು! ಒಂದು ಭಾನುವಾರ ಗಂಡನ ಜೊತೆ ಅದೇ ರೈಲಿನಲ್ಲಿ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು.

“ನೀವಾದ್ರೂ ನಿಜ ಹೇಳಿ. ನಿಮಗೆ ಸರಿಹೋಗಿದೆ ತಾನೇ?”

ಅವನು ಕಿಟಕಿಯ ಕಡೆ ನೋಡುತ್ತಿದ್ದವನು ತಿರುಗಿ, ಸ್ವಲ್ಪ ಹೊತ್ತು ಅವಳ ಮುಖ ನೋಡಿದ.

“ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೇ,” ಎಂದ.

“ಅಷ್ಟು ಸಾಕು ನನಗೆ. ಊರು ಬೇಕಾದ್ದು ಬೊಗಳಲಿ.”

ಅಂದಿನಿಂದ ಪ್ರತಿ ಭಾನುವಾರ ಅವರಿಬ್ಬರೂ ಹಲಗೆ ಗಾಡಿಯಲ್ಲಿ ಹೋಗಿಬರುವುದು ಅಭ್ಯಾಸವಾಯಿತು. ಜಗತ್ತೆಲ್ಲ ಬೈಯುತ್ತಿದ್ದಾಗ ಸುಖವಾಗಿ ಕೂತ ಒಬ್ಬನನ್ನು ಪಕ್ಕದಲ್ಲಿ ನೋಡುವುದೇ ಅವಳಿಗೆ ಸಮಾಧಾನ. ಅವನು ಒಂದು ಪುಟ್ಟ ನೀಲಿ ದಿಂಬು ತರುತ್ತಿದ್ದ, ಕತ್ತಿನ ಹಿಂದೆ ಇಟ್ಟುಕೊಂಡು ಕೂರುತ್ತಿದ್ದ. “ಇಷ್ಟು ಚೆನ್ನಾಗಿರೋ ಸೀಟಿಗೆ ದಿಂಬು ಬೇರೆ ಕೇಡು. ಮಹಾರಾಜರು!” ಎಂದು ಅವಳು ಕೆಣಕುತ್ತಿದ್ದಳು. ಅವನು ನಗುತ್ತಿದ್ದ. ಮನೆಗೆ ಬಂದ ಮೇಲೆ, “ಸ್ವಲ್ಪ ಕತ್ತು ಒತ್ತೇ,” ಎನ್ನುತ್ತಿದ್ದ. ಅವಳು ಕುರ್ಚಿಯ ಹಿಂದೆ ನಿಂತು ಒತ್ತುತ್ತಾ, “ಆ ಸುಡುಗಾಡು ಪ್ರೂಫ್ ಬಿಟ್ಟುಬಿಡಿ ಅಂದ್ರೆ ಕೇಳಲ್ಲ,” ಎಂದು ಛಾಪಖಾನೆಗೆ ಶಾಪ ಹಾಕುತ್ತಿದ್ದಳು.

ವರ್ಷಗಳು ಹೋದ ಹಾಗೆ ಜನ ತಣ್ಣಗಾದರು. ನೆಟ್ಟಗೆ ಕೂರುವುದು ಸೊಂಟಕ್ಕೆ ಒಳ್ಳೆಯದು ಎಂದು ಯಾರೋ ಡಾಕ್ಟರು ಎಲ್ಲೋ ಹೇಳಿದ್ದೇ ನೆಪ, ಬೈದವರೇ ಹೊಗಳಿ ಅಟ್ಟಕ್ಕೇರಿಸಿದರು. ಎದುರುಬದುರು ಸೀಟಿಲ್ಲದ್ದು ಆಗ ದೊಡ್ಡ ಕುಂದಾಗಿತ್ತಲ್ಲ, ಈಗ ಅದೇ ದೊಡ್ಡ ಗುಣವಾಯಿತು. ಯಾರ ಮುಖವನ್ನೂ ನೋಡಬೇಕಾಗಿಲ್ಲ, ನೆಮ್ಮದಿಯಾಗಿ ಒಬ್ಬರೇ ಇರಬಹುದು ಎಂದರು. ಒಬ್ಬರೇ ಇರುವುದರಲ್ಲಿ ಅದೇನು ನೆಮ್ಮದಿ ಕಂಡರೋ ಅವರೇ ಬಲ್ಲರು. ಈಗ ಇನ್ನೂ ಹೊಸ ರೈಲು ಬರುತ್ತಿತ್ತು. ಹಿಂದಕ್ಕೆ ಮಲಗುವ ಸೀಟು, ಪ್ರತಿಯೊಬ್ಬರಿಗೂ ಒಂದು ಪರದೆ, ತೆಗೆಯಲಾಗದ ಕಿಟಕಿ. ಅದನ್ನು ಕಂಡು ಅರ್ಧ ಜನ ವಾಹ್ ಎಂದರು, ಇನ್ನರ್ಧ ಥೂ ಎಂದರು. ಇನ್ನು ಕೆಲವು ವರ್ಷಕ್ಕೆ ಇಬ್ಬರೂ ಜಾಗ ಬದಲಾಯಿಸಿಕೊಳ್ಳುತ್ತಾರೆ, ಬೇಕಾದರೆ ಕಾದು ನೋಡಿ.

ಹಲಗಮ್ಮನಿಗೆ ಆ ಹೊಸ ರೈಲು ಹೇಗಿದ್ದರೂ ಅಷ್ಟೇ. ಅವಳಿಗೆ ಬೇಕಾಗಿದ್ದದ್ದು ಹಳೆಯದರ ಒಂದೇ ಒಂದು ಸೀಟು. ಅದೊಂದು ಮನೆಗೆ ಬಂದರೆ, ಅವನ ಬೆನ್ನು ಮನೆಗೆ ಬಂದ ಹಾಗೆ. ಬಾರದಿದ್ದರೆ ಅವನು ಎರಡನೇ ಸಲ ಹೋದ ಹಾಗೆ.

ಕೊನೆಯ ಭಾನುವಾರ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಲೂನೇನು, ಹೂವೇನು, ಇಂಜಿನ್ನಿನ ಮೂತಿಗೆ ಮುತ್ತು ಕೊಡುವವರೇನು. ಹಲಗಮ್ಮ ಹೇಗೋ ನುಸುಳಿ ಹತ್ತಿ ತನ್ನ ಕಿಟಕಿಯ ಬಳಿ ಹೋದರೆ, ಅಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೂತು ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದಳು.

“ಅಮ್ಮಾ, ನಾನು ಸ್ವಲ್ಪ ಹೊತ್ತು ಕೂರಬಹುದಾ?” ಎಂದಳು ಹಲಗಮ್ಮ.

“ಸಾರಿ ಆಂಟಿ, ಬೆಳಿಗ್ಗೆಯಿಂದ ಕ್ಯೂ ನಿಂತು ಹಿಡಿದಿದ್ದು. ಈ ಸೀಟಿನ ಬೆಲೆ ನಿಮಗೆ ಗೊತ್ತಿಲ್ಲ, ಇಂಥ ವಿನ್ಯಾಸ ಇನ್ನು ಯಾರೂ ಮಾಡಲ್ಲ,” ಎಂದು ಆ ಹುಡುಗಿ ಶುರುಮಾಡಿ, ಉಬ್ಬು ಏಕೆ ಇಲ್ಲಿದೆ, ತಗ್ಗು ಏಕೆ ಅಲ್ಲಿದೆ ಎಂದು ಹಲಗಮ್ಮನಿಗೇ ಪಾಠ ಹೇಳಿದಳು. ಅರ್ಧಕ್ಕರ್ಧ ತಪ್ಪು. ನಾನೇ ಇದನ್ನು ಮಾಡಿದವಳು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೇಳಿದರೆ ಎಲ್ಲರೂ ಮುತ್ತಿಕೊಂಡು ಫೋಟೋ ಕೇಳಿಯಾರು, ಆ ಗದ್ದಲದಲ್ಲಿ ಗಂಡನನ್ನು ನೆನೆಯುವುದಾದರೂ ಹೇಗೆ? ಸುಮ್ಮನೆ ಕಂಬಿ ಹಿಡಿದು ನಿಂತಳು. ಕೊನೆಯ ನಿಲ್ದಾಣದವರೆಗೂ ಹಾಗೇ ನಿಂತಿದ್ದಳು.

ಪಕ್ಕದಲ್ಲಿ ಉದ್ದನೆಯ ಗಂಡಸೊಬ್ಬ ನಿಂತಿದ್ದ. ಅವಳನ್ನು ನೋಡಿ ಲೋಕಾಭಿರಾಮವಾಗಿ ಹೇಳಿದ.

“ನಿಜ ಹೇಳ್ಬೇಕು ಅಂದ್ರೆ, ನನಗೆ ಇದರಲ್ಲಿ ಕೂತ ದಿನವೆಲ್ಲ ಕತ್ತು ಹಿಡ್ಕೋತಿತ್ತು. ಇದು ಗಿಡ್ಡ ಜನಕ್ಕೆ ಮಾಡಿದ ಸೀಟು. ಆದ್ರೂ ಬಿಟ್ಟು ಇಳಿಯೋಕೆ ಮನಸ್ಸು ಬರ್ತಿಲ್ಲ ನೋಡಿ.”

ಹಲಗಮ್ಮನಿಗೆ ರೇಗಿತು. “ನನ್ನ ಯಜಮಾನರು ನಿಮಗಿಂತ ಉದ್ದ ಇದ್ರು. ಅವರಿಗೆ ಸರಿಯಾಗೇ ಇತ್ತು,” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಆಚೆ ತಿರುಗಿದಳು.

ಮರುದಿನ ಅವಳು ರೈಲು ಕಂಪನಿಯ ಆಫೀಸಿಗೆ ಹೋದಳು. ಕೌಂಟರಿನವನು ತಲೆಯೆತ್ತದೆ, ಸೀಟುಗಳೆಲ್ಲ ಆಗಲೇ ಅಭಿಮಾನಿಗಳ ಹೆಸರಿಗೆ ಬರೆದಾಗಿದೆ, ಕಳೆದ ವಾರವೇ ಅರ್ಜಿ ಹಾಕಬೇಕಿತ್ತು ಎಂದ. ಉಗಿದವರ ಮನೆಗೆಲ್ಲ ಒಂದೊಂದು ಸೀಟು, ಮಾಡಿದವಳಿಗೆ ಇಲ್ಲ. ಜಗಳ ಮಾಡುವ ತಾಕತ್ತು ಒಂದು ಕಾಲದಲ್ಲಿ ಅವಳಿಗಿತ್ತು. ಈಗ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ತಂಗಿಯ ಮಗಳಿಗೆ ಫೋನ್ ಮಾಡಿದಳು.

“ದೊಡ್ಡಮ್ಮಾ, ಅಷ್ಟು ದೊಡ್ಡ ಸೀಟು ತಂದು ಎಲ್ಲಿಡ್ತೀರಿ? ಬಿಡಿ, ನಾನೊಂದು ಒಳ್ಳೆ ಆರಾಮ ಕುರ್ಚಿ ತಂದುಕೊಡ್ತೀನಿ,” ಎಂದಳು ಅವಳು.

“ಬೇಡಮ್ಮಾ. ನನಗೆ ಆರಾಮ ಬೇಕಾಗಿಲ್ಲ,” ಎಂದು ಹಲಗಮ್ಮ ಫೋನ್ ಇಟ್ಟಳು.

ಉಳಿದಿದ್ದು ಒಂದೇ ದಾರಿ, ಹಳೆಯ ಬೋಗಿಗಳನ್ನು ಬಿಚ್ಚುವ ಶೆಡ್ಡು. ಅಲ್ಲಿ ಸೀಟು ಕಳಚುವ ಕೆಲಸದ ಮೇಲೆ ನಿಂತಿದ್ದವರು ಬೇರೆ ಯಾರೂ ಅಲ್ಲ, ಹಿಂದಿನ ವರ್ಕ್‌ಶಾಪಿನ ಕುಶನ್ ಮೇಸ್ತ್ರಿ. ಮೊದಲ ಸೀಟು ಎರಕ ಹೊಯ್ದವರೂ ಅವರೇ. ತಲೆ ಪೂರಾ ಬೆಳ್ಳಗಾಗಿತ್ತು, ಕಿವಿ ಸ್ವಲ್ಪ ಮಂದ. ಅವಳನ್ನು ಕಂಡದ್ದೇ ಎರಡೂ ಕೈ ಎತ್ತಿ, “ಬನ್ನಿ ಬನ್ನಿ! ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು. ಒಂದು ಎತ್ತಿಟ್ಟಿದ್ದೀನಿ,” ಎಂದರು. ಹಲಗಮ್ಮನಿಗೆ ಅಳುವೇ ಬಂದುಬಿಟ್ಟಿತು. ತನ್ನನ್ನು ನೆನಪಿಟ್ಟುಕೊಂಡವರು ಒಬ್ಬರಾದರೂ ಇದ್ದಾರಲ್ಲ.

ಗೋಡೆಯ ಪಕ್ಕ, ಟಾರ್ಪಾಲಿನ ಕೆಳಗೆ, ಸೀಟು ಇತ್ತು. ಅವಳು ಧೂಳನ್ನೂ ನೋಡದೆ ಕೂತು, ಬೆನ್ನು ಒರಗಿಸಿ ಕಣ್ಣು ಮುಚ್ಚಿದಳು.

“ಮೇಸ್ತ್ರಿಗಳೇ, ಇನ್ನು ನಾನು ಒಂಟಿ ಅಲ್ಲ. ಇವರ ಬೆನ್ನು ನನ್ನ ಮನೇಲೇ ಇರತ್ತೆ,” ಎಂದಳು. ಇಷ್ಟು ದಿನ ಯಾರಿಗೂ ಹೇಳದ ಮಾತು ತಾನಾಗಿ ಬಾಯಿಂದ ಬಂತು.

ಮೇಸ್ತ್ರಿ ಕಿವಿಗೆ ಕೈ ಹಿಡಿದು ಹತ್ತಿರ ಬಂದರು. “ಯಾರ ಬೆನ್ನು?”

“ನಮ್ಮ ಯಜಮಾನರದು. ನೀವೇ ಅಲ್ವಾ ಅಚ್ಚು ತೆಗೆದಿದ್ದು?”

ಮೇಸ್ತ್ರಿಗಳ ಮುಖ ಒಂದು ಥರ ಆಯಿತು. “ತೆಗೆದೆ. ಆದ್ರೆ ಅದು ಎರಕಕ್ಕೆ ಎತ್ತೋವಾಗ ಬಿದ್ದು ಚೂರಾಯ್ತಲ್ಲ. ನೀವು ಜ್ವರದಲ್ಲಿದ್ರಿ. ಮೇಲಿನವರು ಸೀಟು ಸೀಟು ಅಂತ ತಲೆ ಮೇಲೆ ಕೂತಿದ್ರು. ನಿಮ್ಮವರು ನಿಮ್ಮ ರಜೆಯ ಚೀಟಿ ಕೊಡೋಕೆ ಬಂದಿದ್ರು, ಅವರನ್ನೇ ಇನ್ನೊಂದು ಸಲ ಕೂರಿಸೋಣ ಅಂದ್ರೆ ಪ್ಲಾಸ್ಟರ್ ಒಣಗೋಕೆ ದಿನ ಎಲ್ಲಿದೆ? ಗೋಡೆ ಮೇಲೆ ಇದ್ದದ್ದರಲ್ಲೇ ಒಂದು ತಗೊಳ್ಳಿ ಅಂದ್ರು ನಿಮ್ಮವರು. ಯಾವುದು ಅಂದೆ. ಅವರೇ ಹೋಗಿ ತೋರಿಸಿದ್ರು. ಅಷ್ಟು ಬೆನ್ನಿನ ನಡುವೆ ನಿಮ್ಮದನ್ನ ಥಟ್ಟಂತ ಗುರುತಿಸಿದ್ರು ಕಣ್ರೀ.”

ಹಲಗಮ್ಮ ಸೀಟಿನಿಂದ ಬೆನ್ನು ಎತ್ತಿದಳು.

“ಅವಳಿಗೆ ನಾನೇ ಹೇಳ್ತೀನಿ, ನೀವು ತಲೆ ಕೆಡಿಸ್ಕೋಬೇಡಿ ಅಂದಿದ್ರು. ಅಯ್ಯೋ, ಹೇಳಿರ್ತಾರೆ ಅಂತ್ಲೇ ನಾನು… ಹೇಳಲೇ ಇಲ್ವಾ?”

ಅವಳು ಇಲ್ಲ ಎಂದು ತಲೆಯಾಡಿಸಿದಳು.

ಟೆಂಪೋದಲ್ಲಿ ಸೀಟು ಮನೆಗೆ ಬಂತು. ತಂದವರು ನಡುಮನೆಯಲ್ಲಿ ಇಳಿಸಿ ಹೋದರು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಅದರ ಮೇಲೆ ಬಿದ್ದಿತ್ತು. ಹಲಗಮ್ಮ ದೂರದಲ್ಲಿ ನಿಂತು ನೋಡಿದಳು. ಎರಡು ವರ್ಷದಿಂದ ಭಾನುವಾರ ಭಾನುವಾರ ಹೋಗಿ ಒರಗಿದ್ದು ತನ್ನ ಬೆನ್ನಿಗೇ. ಅವನು ಅಲ್ಲಿ ಇರಲೇ ಇಲ್ಲ. ನೆಲದ ಮೇಲೇ ಕೂತುಬಿಟ್ಟಳು. ಹೀಗೆ ಅನಾಥಳಾದೆ ಎಂದು ಅವನು ಸತ್ತ ದಿನವೂ ಅವಳಿಗೆ ಅನಿಸಿರಲಿಲ್ಲ.

ಕೂತಲ್ಲಿಂದ ಕತ್ತಿನ ಉಬ್ಬು ಅವಳ ಕಣ್ಣಿಗೆ ನೇರವಾಗಿ ಕಂಡಿತು. ಅವನು ಕೂತರೆ ಅದು ಎಲ್ಲಿಗೆ ಬರುತ್ತಿತ್ತು? ಭುಜಗಳ ನಡುವೆ, ಸರಿಯಾಗಿ ಮೂಳೆಗೆ. ರೈಲಿನಲ್ಲಿ ನಿಂತಿದ್ದ ಆ ಉದ್ದನೆಯವನು ನೆನಪಾದ, ಪಾಪ, ಅವನಿಗೆ ಗದರಿಬಿಟ್ಟಿದ್ದಳು. ನೀಲಿ ದಿಂಬು ನೆನಪಾಯಿತು. ಭಾನುವಾರ ಸಂಜೆಯ ಕತ್ತು ನೋವು ನೆನಪಾಯಿತು. ಛಾಪಖಾನೆಗೆ ಭಾನುವಾರ ರಜೆ ಅಲ್ಲವೇ? ಅದು ಇಷ್ಟು ವರ್ಷ ಅವಳ ತಲೆಗೆ ಹೊಳೆದಿರಲಿಲ್ಲ. ಒಂದು ಅಲ್ಪವಿರಾಮ ಆಚೀಚೆಯಾದರೆ ನಿದ್ದೆ ಬಾರದ ಮನುಷ್ಯ, ಬೇರೆಯವರ ತಪ್ಪು ಹುಡುಕಿ ಹುಡುಕಿಯೇ ಹೊಟ್ಟೆ ಹೊರೆದವನು, ಇಷ್ಟು ದೊಡ್ಡ ತಪ್ಪನ್ನು ಬೆನ್ನಿನ ಮೇಲೆ ಹೊತ್ತುಕೊಂಡು ಇಪ್ಪತ್ತು ವರ್ಷ ತುಟಿಪಿಟಿಕ್ಕೆನ್ನದೆ ಅವಳ ಪಕ್ಕ ಕೂತಿದ್ದ.

“ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಅಂದ್ರಲ್ಲ ರೀ,” ಎಂದಳು ಅವಳು ಗಟ್ಟಿಯಾಗಿ. “ಯಾರ ಅಳತೆ? ಒಂದು ಮಾತು ಹೇಳ್ಬಾರ್ದಿತ್ತಾ? ನಾನೇನು ಹುಲೀನಾ?” ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಅವನ ಮೇಲೆ ಕೋಪವೂ ಬಂತು, ಪ್ರೀತಿಯೂ ಬಂತು, ಎರಡೂ ಒಟ್ಟಿಗೇ ಬಂದದ್ದರಿಂದ ಅಳು ಬೇಗ ನಿಲ್ಲಲಿಲ್ಲ.

ನಿಂತ ಮೇಲೆ ಎದ್ದು ಮುಖ ತೊಳೆದಳು. ಅಟ್ಟದಿಂದ ಹಳೆಯ ಸಾಮಾನಿನ ಚೀಲ ಇಳಿಸಿದಳು. ಕತ್ತರಿ, ದಪ್ಪ ಸೂಜಿ, ಗೋಂದು, ಎಲ್ಲ ಇದ್ದವು. ಸೀಟಿನ ಬಟ್ಟೆಯ ಹೊಲಿಗೆ ಬಿಚ್ಚಿ, ಎರಕದ ಮೇಲೆ ಬೇರೆಯಾಗಿ ಅಂಟಿಸಿದ್ದ ಕತ್ತಿನ ಉಬ್ಬನ್ನು ಹುಷಾರಾಗಿ ಕಿತ್ತು ಕೈಯಲ್ಲಿ ಹಿಡಿದಳು. ಎಲ್ಲಿ ಕೂರಿಸುವುದು? ಅವನ ಅಚ್ಚು ಚೂರಾಗಿ ಯಾವ ಕಾಲವಾಯಿತು. ಅಳತೆ ಎಲ್ಲಿಂದ ತರುವುದು?

ಸೀಟಿನ ಹಿಂದೆ ಹೋಗಿ ನಿಂತಳು. ಭಾನುವಾರ ಸಂಜೆ ನಿಲ್ಲುತ್ತಿದ್ದ ಹಾಗೆಯೇ. ಕಣ್ಣು ಮುಚ್ಚಿ, ಕತ್ತು ಒತ್ತಲು ಕೈ ಚಾಚಿದಳು. ಕೈ ಗಾಳಿಯಲ್ಲಿ ತಡಕಾಡಲಿಲ್ಲ, ನೇರವಾಗಿ ಹೋಗಿ ಒಂದು ಕಡೆ ನಿಂತಿತು. ಅಲ್ಲಿಗೆ ಸರಿಯಾಗಿ ಬಟ್ಟೆಯ ಮೇಲೆ ಚಾಕ್‌ನಿಂದ ಗೆರೆ ಎಳೆದಳು. ಮೊದಲಿದ್ದ ಜಾಗಕ್ಕೂ ಆ ಗೆರೆಗೂ ಒಂದು ಗೇಣಿನ ಹತ್ತಿರ ಹತ್ತಿರ ಅಂತರವಿತ್ತು. ಅಷ್ಟು ಅಂತರವನ್ನು ಅವನು ಒಂದು ದಿಂಬಿನಲ್ಲಿ ತುಂಬಿಕೊಂಡಿದ್ದ.

ಉಬ್ಬನ್ನು ಗೆರೆಯ ಮೇಲೆ ಕೂರಿಸಿ, ಗೋಂದು ಹಚ್ಚಿ, ಬಟ್ಟೆ ಎಳೆದು ಮತ್ತೆ ಹೊಲಿದಳು. ಹೊಲಿಗೆ ಅಷ್ಟು ನೀಟಾಗಿ ಬರಲಿಲ್ಲ, ಕೈ ಮೊದಲಿನಂತಿರಲಿಲ್ಲ. ಆಮೇಲೆ ಮುಂದೆ ಬಂದು ಕೂತಳು. ಉಬ್ಬು ಅವಳ ತಲೆಯ ಹಿಂಭಾಗಕ್ಕೆ ಒತ್ತಿ, ಗದ್ದ ಎದೆಗೆ ತಾಗುವ ಹಾಗಾಯಿತು. ಕತ್ತಿಗೆ ಆಸರೆಯೇ ಇಲ್ಲ. ಇಷ್ಟು ವರ್ಷ ಸುಖವಾಗಿ ಕೂತಿದ್ದ ಸೀಟು ಅವಳಿಗೆ ಈಗ ಎಳ್ಳಷ್ಟೂ ಸರಿಹೋಗಲಿಲ್ಲ.

ಎದ್ದು ಹೋಗಿ ಕಪಾಟಿನಿಂದ ನೀಲಿ ದಿಂಬು ತಂದಳು. ಅದನ್ನು ಕತ್ತಿನ ಹಿಂದೆ ಇಟ್ಟುಕೊಂಡು, ಮತ್ತೆ ಆ ಸೀಟಿನಲ್ಲೇ ಒರಗಿ ಕೂತಳು.